ಬಾಗಿಲಕ್ಕನ ಅಂಗೈ

"ಬೇರು," ಎಂದಳು ಬಾಗಿಲಕ್ಕ. ಅನ್ನಬಾರದಿತ್ತು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಬೆಟ್ಟದ ದಾರಿಯಲ್ಲಿ ಮುಂದೆ ಹತ್ತುತ್ತಿದ್ದ ಗಂಡ ಅಲ್ಲೇ ನಿಂತ. ತಿರುಗಿ ನೋಡಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, ಎದುರಿಗಿದ್ದ ಮರಕ್ಕೆ ಹೇಳುವವನಂತೆ ಹೇಳಿದ.

"ಮಾತು ಏನಾಗಿತ್ತು? ಕೆಳಗಿಂದ ತುದಿ ಮುಟ್ಟೋ ತನಕ ನೀನು ಬಾಯಿ ಬಿಡೋ ಹಾಗಿಲ್ಲ. ಬೇರು ಅನ್ನೋ ಹಾಗಿಲ್ಲ, ಕಲ್ಲು ಅನ್ನೋ ಹಾಗಿಲ್ಲ. ಇನ್ನೊಂದು ಸಲ ಅಂದ್ರೆ ನಾನು ಗೆದ್ದೆ ಅಂತ."

"ಅಭ್ಯಾಸ ಕಣ್ರೀ. ಬಾಯಿ ತಾನಾಗೇ ಅನ್ನತ್ತೆ."

"ಆ ಬಾಯಿಗೆ ಭಾನುವಾರವಾದ್ರೂ ರಜಾ ಕೊಡು."

ಅವನು ಕಾಲೆತ್ತಿ ಬೇರನ್ನು ದಾಟಿದ. ಚರಂಡಿ ದಾಟುವವನ ಹಾಗೆ, ಬೇಕಾದ್ದಕ್ಕಿಂತ ಬಹಳ ಮೇಲಕ್ಕೆತ್ತಿ ದಾಟಿದ. ಅದರಾಚೆ ಇನ್ನೊಂದು ಬೇರಿತ್ತು. ಅದನ್ನು ಬಾಗಿಲಕ್ಕ ಹೇಳಿರಲಿಲ್ಲ. ಅದಕ್ಕೆ ಬೂಟಿನ ತುದಿ ತಗುಲಿ ಮುಗ್ಗರಿಸಿ ಪಕ್ಕದ ಮರವನ್ನು ತಬ್ಬಿಕೊಂಡ. ತಬ್ಬಿಕೊಳ್ಳಲಿಕ್ಕೇ ಬಂದವನಂತೆ ಅದರ ತೊಗಟೆ ತಟ್ಟಿ, "ಗಟ್ಟಿ ಮರ," ಎಂದ.

ಅವಳು ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳು.

ದಾರಿ ಉದ್ದದ್ದೇನಲ್ಲ. ಆದರೆ ಗೋಡೆಗೆ ಏಣಿ ಒರಗಿಸಿದಂತೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಕೆಳಗೆ ವ್ಯಾನು ನಿಲ್ಲಿಸಿದ ಕಡೆ ಚಹಾ ಮಾರುವವನು, "ಬೇಗ ಹತ್ತಿ ಇಳೀಬಹುದು. ಆದ್ರೆ ಇಳಿದ ಮೇಲೆ ಮಂಡಿಗಳು ನಿಮ್ಮ ಮಾತು ಕೇಳಲ್ಲ, ಅಷ್ಟೆ," ಎಂದಿದ್ದ. ಎರಡೂ ಕಡೆ ಮರಗಳು ಒತ್ತಾಗಿ ನಿಂತು ಬಿಸಿಲನ್ನು ಚಿಲ್ಲರೆ ಚಿಲ್ಲರೆಯಾಗಿ ಕೆಳಕ್ಕೆ ಬಿಡುತ್ತಿದ್ದವು. ಕೊಳೆತ ಎಲೆಯ ಮೇಲೆ ಕಾಲಿಟ್ಟರೆ ಹಾಸಿಗೆ ತುಳಿದಂತಾಗುತ್ತಿತ್ತು. ಬಾಗಿಲಕ್ಕ ಮಗಳು ಬಿಟ್ಟು ಹೋದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಬಂದಿದ್ದಳು. ಅದು ಅವಳ ಪಾದಕ್ಕೆ ಸ್ವಲ್ಪ ದೊಡ್ಡದು. ಹತ್ತಲು ಶುರುಮಾಡಿದ ಸ್ವಲ್ಪ ಹೊತ್ತಿಗೇ ಬಲಗಾಲಿನ ಬೂಟಿನೊಳಗೆ ಒಂದು ಹರಳು ಸೇರಿಕೊಂಡು ಒತ್ತುತ್ತಿತ್ತು. ನಿಂತು ತೆಗೆಯೋಣವೆಂದರೆ ಅವನು ಮುಂದೆ ಹೋಗಿಬಿಡುತ್ತಾನೆ. ಅವನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲಲು ಅವಳಿಗೆ ಮನಸ್ಸಿರಲಿಲ್ಲ. ಹಾಗೇ ಕುಂಟುತ್ತ ಹತ್ತಿದಳು.

ಇಬ್ಬರೂ ಶಾಲೆಯ ಮಕ್ಕಳ ವ್ಯಾನು ನಡೆಸುವವರು. ಅವನು ಸ್ಟಿಯರಿಂಗಿನಲ್ಲಿ, ಅವಳು ಬಾಗಿಲಲ್ಲಿ. ಮಕ್ಕಳಿಗೆ ಅವನು ಡ್ರೈವರ್ ಮಾಮ, ಅವಳು ಬಾಗಿಲಕ್ಕ. ಈಗ ಆ ಮಕ್ಕಳ ತಾಯಂದಿರೂ ಅವಳನ್ನು ಹಾಗೇ ಕರೆಯುತ್ತಾರೆ. ಅವರಲ್ಲಿ ಕೆಲವರು ಚಿಕ್ಕವರಿದ್ದಾಗ ಇದೇ ವ್ಯಾನಿನ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡವರು. ಮಗು ಹತ್ತಿ ಕೂತ ಮೇಲೆ, ಇಲ್ಲವೇ ಇಳಿದು ಗೇಟು ಸೇರಿದ ಮೇಲೆ, ಬಾಗಿಲಕ್ಕ ಫುಟ್‌ಬೋರ್ಡಿನ ಮೇಲೆ ನಿಂತು ವ್ಯಾನಿನ ತಗಡಿಗೆ ಅಂಗೈಯಿಂದ ಹೊಡೆಯುತ್ತಾಳೆ. ಒಂದು ಹೊಡೆದರೆ ನಿಲ್ಲಿಸು, ಎರಡು ಹೊಡೆದರೆ ಹೊರಡು. ಬಾಯಿಮಾತು ಮಕ್ಕಳ ಗಲಾಟೆಯಲ್ಲಿ ಮುಳುಗಿ ಹೋಗುತ್ತದೆ, ತಗಡಿನ ಸದ್ದು ಮುಳುಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಶುರುವಾದದ್ದು, ಈಗ ಅದು ಅವರ ಮೈಗೇ ಹತ್ತಿದೆ. ಬಟ್ಟೆ ಒಗೆಯುವ ಕಲ್ಲಿಗೆ ಅವಳು ಒದ್ದೆ ಸೀರೆಯನ್ನು ಎರಡು ಸಲ ಬಡಿದರೆ ಸಾಕು, ಒಳಗೆ ಕುರ್ಚಿಯಲ್ಲಿ ಕೂತವನು ಎದ್ದು ನಿಂತಿರುತ್ತಾನೆ. ಒಮ್ಮೆ ದಾರಿಯಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಬೇರೆ ಯಾರದೋ ಲಾರಿಗೆ ಕ್ಲೀನರ್ ಎರಡು ಹೊಡೆದ. ಇವನು ಗ್ಲಾಸು ಕೈಯಲ್ಲಿ ಹಿಡಿದುಕೊಂಡೇ ನಡೆದುಬಿಟ್ಟ. ಅಂಗಡಿಯವನು "ಯಜಮಾನ್ರೇ, ಗ್ಲಾಸು!" ಎಂದು ಹಿಂದೆ ಓಡಿ ಬಂದದ್ದನ್ನು ಬಾಗಿಲಕ್ಕ ನೆಂಟರ ಮುಂದೆಲ್ಲ ಹೇಳಿ ನಗಿಸಿದ್ದಾಳೆ.

ಹೋದ ಶುಕ್ರವಾರ ನಡೆದದ್ದನ್ನು ಮಾತ್ರ ಯಾರ ಮುಂದೆಯೂ ಹೇಳಿರಲಿಲ್ಲ.

ಮುಂದಿನ ಹಲ್ಲು ಬಿದ್ದುಹೋಗಿ ಎಲ್ಲರ ಬಾಯಲ್ಲಿ ಬೊಕ್ಕಿಯಾದ ಪುಟ್ಟ ಹುಡುಗಿಯೊಬ್ಬಳು ವ್ಯಾನಿನಲ್ಲಿದ್ದಳು. ಶುಕ್ರವಾರ ಸಂಜೆ ಬಾಗಿಲಕ್ಕ ಅವಳನ್ನು ಇಳಿಸಿ, ಗೇಟಿನವರೆಗೆ ಬಿಟ್ಟು, ಬಂದು ಫುಟ್‌ಬೋರ್ಡು ಹತ್ತಿ ಎರಡು ಹೊಡೆದಳು. ಹೊಡೆದು ತಲೆಯನ್ನು ಒಳಕ್ಕೆ ಹಾಕಿದಳು, ಒಳಗೆ ಇಬ್ಬರು ಜುಟ್ಟು ಹಿಡಿದುಕೊಂಡು ಜಗಳವಾಡುತ್ತಿದ್ದರು. ಬೊಕ್ಕಿಯ ನೀರಿನ ಬಾಟಲಿ ಇಳಿಯುವಾಗಲೇ ಬಿದ್ದು ಮುಂದಿನ ಚಕ್ರದ ಬಳಿ ಹೊರಳಿತ್ತು. ಅದನ್ನು ನೆನೆದುಕೊಂಡು ಗೇಟಿನಿಂದ ಓಡಿ ಬಂದಳು, ಬಗ್ಗಿದಳು. ವ್ಯಾನು ಹೊರಟಿತ್ತು. ಬಾಗಿಲಕ್ಕನಿಗೆ ಕಂಡದ್ದು ಚಕ್ರದ ಮುಂದೆ ಒಂದು ಕೆಂಪು ರಿಬ್ಬನ್ನು, ಅಷ್ಟೇ. ಬಾಯಿಂದ ಏನು ಬಂತೋ ಗೊತ್ತಿಲ್ಲ. ಕೈ ಒಂದು ಹೊಡೆಯಿತು. ವ್ಯಾನು ಗಕ್ಕನೆ ನಿಂತಿತು. ಚಕ್ರದಡಿ ಬಾಟಲಿ ಅಪ್ಪಚ್ಚಿಯಾಗಿತ್ತು. ಬೊಕ್ಕಿ ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಾಟಲಿಗಾಗಿ ಅಳಲು ಶುರುಮಾಡಿದಳು. ಗೇಟಿನೊಳಗಿಂದ ಅವಳಜ್ಜಿ, "ಇದು ಎಷ್ಟನೇದೇ ಬಾಟ್ಲಿ, ದರಿದ್ರದವಳೇ," ಎಂದು ಕೂಗಿದಳು. ನಡೆದದ್ದು ಬೇರೆ ಯಾರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ ಮಾತು. "ಕನ್ನಡಿಯಲ್ಲಿ ಕಾಣಲಿಲ್ವಾ?"

"ನೀನು ಎರಡು ಹೊಡೆದೆ, ನಾನು ಹೊರಟೆ."

"ಹೊಡೆದ್ರೂ ಒಂದು ಸಲ ಕನ್ನಡಿ ನೋಡ್ತಾರೆ."

"ನಿನ್ನ ಕೈ ಹೊಡೆದ ಮೇಲೂ ನಾನು ಕನ್ನಡಿ ನೋಡಬೇಕು ಅಂದ್ರೆ, ಆ ಬಾಗಿಲಲ್ಲಿ ನೀನು ಯಾಕೆ ನಿಂತಿದೀಯ?"

ಆ ಮಾತು ಅವಳೊಳಗೆ ಹೋಗಿ ಕೂತಿತು. ಪಾತ್ರೆ ತೊಳೆಯುವಾಗ, ಹಿಟ್ಟು ನಾದುವಾಗ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆದರೂ ಒಂದು ಸಂಶಯ ಬಿಡಲಿಲ್ಲ. ಈಚೆಗೆ ಅವನು ಹೊಸಿಲು ಎಡವುತ್ತಿದ್ದ. ಪಕ್ಕದಲ್ಲಿಟ್ಟ ಚೊಂಬನ್ನು ಒದೆಯುತ್ತಿದ್ದ. ಎಡಗಡೆಯಿಂದ ಹೋಗಿ ನಿಂತರೆ ಬೆಚ್ಚಿ ಬೀಳುತ್ತಿದ್ದ. ಶನಿವಾರ ಬೆಳಿಗ್ಗೆ ಅವಳು "ಕಣ್ಣು" ಎಂಬ ಮಾತು ತೆಗೆದಳು. ಅವನು ತಟ್ಟೆ ಸರಿಸಿ ಎದ್ದ.

"ನಾಳೆ ಬೆಟ್ಟ ಹತ್ತೋಣ ನಡಿ. ತುದೀಲಿ ನಿಂತು ಕಣಿವೆಯಲ್ಲಿ ನೀನು ಬೆರಳು ಮಾಡಿ ತೋರಿಸಿದ್ದನ್ನೆಲ್ಲ ಹೇಳ್ತೀನಿ. ಹೇಳಿದ್ರೆ ಕಣ್ಣಿನ ಸುದ್ದಿ ಇನ್ನು ಈ ಮನೇಲಿ ಎತ್ತಬಾರದು. ತಪ್ಪಿದ್ರೆ ವ್ಯಾನಿನ ಕೀಲಿಕೈ ನಿನ್ನ ಕೈಗೆ. ದಾರಿಯಲ್ಲಿ ಕೂಡ ನಿನ್ನ ಸಹಾಯ ಬೇಡ."

ಅವಳು ಒಪ್ಪಿದಳು. ಅವನು ಸೋತರೆ ಮನೆಯ ಒಲೆಗೆ ನೀರು ಬೀಳುತ್ತದೆ, ಆ ವ್ಯಾನು ಬಿಟ್ಟರೆ ಅವರಿಗೆ ಬೇರೆ ಗತಿ ಇರಲಿಲ್ಲ. ಅವನು ಗೆದ್ದರೆ ಶುಕ್ರವಾರದ ತಪ್ಪು ಅವಳ ಕೈಯದು. ಯಾವುದಾಗಲಿ ಎಂದು ಬೇಡಿಕೊಳ್ಳುವುದೆಂದೇ ಅವಳಿಗೆ ತಿಳಿಯಲಿಲ್ಲ.

ಅರ್ಧ ದಾರಿ ದಾಟಿದ ಮೇಲೆ ಏರು ಇನ್ನೂ ಕಡಿದಾಯಿತು. ಒಂದು ತಿರುವಿನಲ್ಲಿ ಎಡಗಡೆಯ ಪೊದೆಯ ಸಂದಿನಿಂದ ಕೋಲೂರಿಕೊಂಡು ಒಬ್ಬ ಹೆಂಗಸು ಇಳಿದು ಬಂದಳು. ತಲೆಗೆ ಟೋಪಿ, ಬೆನ್ನಿಗೆ ಚೀಲ. ವಯಸ್ಸಿನಲ್ಲಿ ಇವರಿಗಿಂತ ಹಿರಿಯಳು. ಬಾಗಿಲಕ್ಕನಿಗೆ ದೂರದಿಂದಲೇ ಕಂಡಿದ್ದಳು. ಅವನು ನೇರ ಹೋಗಿ ಅವಳ ಭುಜಕ್ಕೆ ಭುಜ ಹೊಡೆದ.

"ಅಯ್ಯೋ, ನಿಧಾನ," ಎಂದಳು ಆ ಹೆಂಗಸು. "ಮೇಲೇನು ಯಾರೂ ಕಾಯ್ತಾ ಇಲ್ಲ."

"ಹಾರ್ನ್ ಮಾಡಬೇಕಿತ್ತು ತಾಯಿ ನೀವು, ತಿರುವಿನಲ್ಲಿ," ಎಂದ ಅವನು. ಆ ಹೆಂಗಸು ಗೊಳ್ಳನೆ ನಕ್ಕಳು. ಅವನಿಗೆ ಇಂಥ ಮಾತು ಯಾವಾಗಲೂ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಅದೆಷ್ಟು ಎಡವಿದ್ದನ್ನು ಈ ನಾಲಿಗೆ ಮುಚ್ಚಿರಬಹುದು ಎಂದು ಬಾಗಿಲಕ್ಕನಿಗೆ ಆಗ ಹೊಳೆಯಿತು.

ಹೆಂಗಸು ಹೋಗುತ್ತ ತಿರುಗಿ ಹೇಳಿದಳು. "ಮೇಲೆ ಬೇಲಿ ಒಂದು ಕಡೆ ಕಿತ್ತುಹೋಗಿದೆ. ಮರ ಬಿದ್ದು ಕಿತ್ತಿದ್ದಂತೆ. ರಿಬ್ಬನ್ ಕಟ್ಟಿದ್ರು, ಅದೂ ಬಿದ್ದಿದೆ. ನೋಡ್ಕೊಂಡು."

"ನೋಡೋದಕ್ಕೇ ಬಂದಿರೋದು," ಎಂದ ಅವನು.

ಮರಗಳು ಒಮ್ಮೆಲೇ ಮುಗಿದು ಆಕಾಶ ಶುರುವಾಯಿತು. ತುದಿ ಎಂದರೆ ಒಂದು ದೊಡ್ಡ ಚಪ್ಪಟೆ ಬಂಡೆ. ಅದರ ಅಂಚಿಗೆ ಕಬ್ಬಿಣದ ಕೊಳವೆಗಳ ಬೇಲಿ, ಕುಳಿತುಕೊಳ್ಳಲು ಒಂದು ಕಲ್ಲುಬೆಂಚು. ಕಾಡಿನ ಕಡೆಯಿಂದ ಎರಡು ಕಬ್ಬಿಣದ ಕಂಬಗಳ ನಡುವೆ ಹಾದು ಒಳಗೆ ಬರಬೇಕು. ಅಲ್ಲಿಂದ ಸ್ವಲ್ಪ ಆಚೆ, ಕಣಿವೆಯ ಬದಿಗೆ, ಬೇಲಿಯ ಒಂದು ತುಂಡು ಇರಲಿಲ್ಲ. ಅಲ್ಲೂ ಎರಡು ಕಂಬಗಳು ಹಾಗೇ ನಿಂತಿದ್ದವು. ನಡುವೆ ಬಣ್ಣ ಹೋದ ರಿಬ್ಬನ್ನು ನೆಲದಲ್ಲಿ ಬಿದ್ದಿತ್ತು. ಅದರಾಚೆ ಒಂದು ಮೊಳ ಹುಲ್ಲು. ಹುಲ್ಲಿನಾಚೆ ಏನೂ ಇರಲಿಲ್ಲ.

ಅವನು ಬೇಲಿ ಗಟ್ಟಿಯಿದ್ದ ಕಡೆ ಹೋಗಿ ಎರಡೂ ಕೈಯಿಂದ ಕೊಳವೆ ಹಿಡಿದು ನಿಂತ, ಸ್ಟಿಯರಿಂಗ್ ಹಿಡಿದ ಹಾಗೇ. "ಹೂಂ. ಶುರುಮಾಡು."

ಕೆಳಗೆ ಕಣಿವೆ ಬೆಳಗಿನ ಬಿಸಿಲಲ್ಲಿ ಬಿಚ್ಚಿ ಹಾಸಿದಂತಿತ್ತು. ಹೊಳೆ, ಹೊಲದ ಚೌಕಗಳು, ನಡುವೆ ಗುಬ್ಬಚ್ಚಿಯಷ್ಟು ಗುಬ್ಬಚ್ಚಿಯಷ್ಟು ಮನೆಗಳು. ಬಾಗಿಲಕ್ಕ ಬೆರಳು ಚಾಚಿದಳು.

"ಅಲ್ಲಿ, ಹೊಳೆ ಬಳಸಿದ ಕಡೆ?"

"ಸೇತುವೆ. ಸೇತುವೆ ಮೇಲೆ ಲಾರಿ, ಕೆಂಪು ಬಣ್ಣದ್ದು. ಹಿಂದೊಂದು ಬೈಕು. ಸೇತುವೆ ಮೇಲೇ ಮುಂದೆ ನುಗ್ಗೋಕೆ ನೋಡ್ತಿದಾನೆ, ಬುದ್ಧಿ ಇಲ್ಲದವನು."

ಬೈಕು ಅವಳಿಗೆ ಕಂಡಿರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಳು. ಇತ್ತು.

"ಅದರಿಂದ ಈಚೆಗೆ?"

"ತಗಡಿನ ಶೆಡ್ಡು. ಒಂದೇ ಒಂದು ತಗಡು ನೀಲಿ. ಪಕ್ಕದಲ್ಲಿ ಬಟ್ಟೆ ಒಣಹಾಕಿದಾರೆ. ಬಿಳೀದು, ಆಮೇಲೆ ಹಳದಿ, ಆಮೇಲೆ... ಮಕ್ಕಳ ಚಡ್ಡಿ ಇರಬೇಕು ಅದು."

"ಆ ಹೊಗೆ?"

"ಇಟ್ಟಿಗೆ ಗೂಡಿಂದು. ಗೂಡಿನ ಮುಂದೆ ಒಬ್ಬ ಕೂತಿದಾನೆ, ಕೆಲಸ ಮಾಡದೆ. ಅವನ ಧಣಿಗೆ ಹೋಗಿ ಹೇಳಬೇಕಾ?"

ತೋರಿಸಿದ್ದನ್ನೆಲ್ಲ ಹೇಳಿದ. ತೋರಿಸದ್ದನ್ನೂ ಹೇಳಿದ. ಹೇಳುವಾಗ ಕತ್ತನ್ನು ಕೋಳಿಯ ಹಾಗೆ ಚೂರು ಚೂರೇ ತಿರುಗಿಸಿ, ಒಂದೊಂದನ್ನೂ ಹುಡುಕಿ ಹಿಡಿದು ಹೇಳುತ್ತಿದ್ದ. ಅದು ಅವಳಿಗೆ ವಿಚಿತ್ರವೆನಿಸಿತು. ಆದರೆ ಹುಡುಕಿ ಹಿಡಿದದ್ದು ಒಂದೂ ತಪ್ಪಾಗಿರಲಿಲ್ಲ. ಕೊನೆಗೆ ಬಾಗಿಲಕ್ಕ ಕೈ ಕೆಳಗಿಳಿಸಿದಳು. ಎದೆಯಿಂದ ಒಂದು ಭಾರ ಇಳಿಯಿತು, ಅದು ಇಳಿದ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಹಾಗಾದರೆ ನನ್ನ ಕೈಯೇ.

"ನೀವೇ ಗೆದ್ರಿ," ಎಂದಳು. "ತಪ್ಪು ನಂದೇ. ಗೇಟು ದಾಟಿದಳಾ ಅಂತ ನೋಡದೆ ಹೊಡೆದೆ. ನಾಳೆಯಿಂದ ಇಳಿದು ವ್ಯಾನು ಸುತ್ತ ಒಂದು ಸುತ್ತು ಬಂದು ಆಮೇಲೆ ಹೊಡೀತೀನಿ."

"ಆಗಲಿ ಬಿಡು," ಎಂದ ಅವನು, ದೊಡ್ಡ ಮನಸ್ಸು ಮಾಡಿದವನ ಹಾಗೆ. "ಯಾರ ಕೈಯಲ್ಲೂ ಆಗತ್ತೆ ಇಂಥದ್ದು. ಮಗುವಿಗೆ ಏನೂ ಆಗಲಿಲ್ಲವಲ್ಲ. ಅದನ್ನೇ ಹಿಡ್ಕೊಂಡು ಕೂರಬೇಡ. ಹೂಂ, ಹೊರಡೋಣ. ನೀನು ಹೇಳಿದ ಕೂಡಲೇ ಇಳಿಯೋಣ."

ಬೇಲಿ ಬಿಟ್ಟು ಈಚೆ ಬಂದು, ಕೈ ಹಿಂದೆ ಕಟ್ಟಿಕೊಂಡು, ಅವಳ ಕಡೆ ಬೆನ್ನು ಮಾಡಿ ನಿಂತ. ಅವಳು ಕಲ್ಲುಬೆಂಚಿನ ಮೇಲೆ ಕೂತಳು. ಕಣ್ಣು ತುಂಬಿಕೊಂಡಿತ್ತು. ಅದು ಅವನಿಗೆ ಕಾಣಬಾರದೆಂದು ಬಗ್ಗಿ ಬೂಟು ಬಿಚ್ಚಿದಳು. ಅಷ್ಟು ಹೊತ್ತು ಒತ್ತಿದ ಹರಳು ಒಳಗೆ ಬಟ್ಟೆಗೆ ಕಚ್ಚಿಕೊಂಡಿತ್ತು. ಬೂಟನ್ನು ಬೋರಲು ಮಾಡಿ ಪಕ್ಕದ ಕಬ್ಬಿಣದ ಕೊಳವೆಗೆ ಬಡಿದಳು.

ಠಣ್, ಠಣ್.

ಹರಳು ಬಿತ್ತು. ಅವಳು ತಲೆಯೆತ್ತುವಷ್ಟರಲ್ಲಿ ಅವನು ಹೊರಟಿದ್ದ.

ಅನುಮಾನವಿಲ್ಲದ ನಡಿಗೆ. ಎದುರಿಗೆ ಎರಡು ಕಂಬ, ನಡುವೆ ದಾರಿ. ಅವನು ನಡೆಯುತ್ತಿದ್ದದ್ದು ಕಾಡಿನ ಕಡೆಯ ಕಂಬಗಳ ಕಡೆಗಲ್ಲ. ಬಲಗಾಲು ನೆಲದ ಮೇಲಿನ ರಿಬ್ಬನ್ನನ್ನು ತುಳಿಯಿತು. ಎಡಗಾಲು ಹುಲ್ಲಿನ ಮೇಲೆ ಹೋಯಿತು. ಅವಳು ಬಾಯಿ ತೆರೆದಳು. ಬೆಟ್ಟದ ಕೆಳಗಿನಿಂದ ಕಟ್ಟಿಕೊಂಡು ಬಂದ ಬಾಯಿ, ಈಗ ಬೇಕೆಂದಾಗ ಬರಲಿಲ್ಲ. ಕೈಯಲ್ಲಿ ಬೂಟು ಇನ್ನೂ ಇತ್ತು.

ಠಣ್.

ಒಂದೇ.

ಅವನು ನಿಂತ. ಶುಕ್ರವಾರ ವ್ಯಾನು ನಿಂತ ಹಾಗೇ, ಗಕ್ಕನೆ, ಮೈಯೆಲ್ಲ ಮುಂದಕ್ಕೆ ವಾಲಿ ಹಿಂದಕ್ಕೆ ಬಂದು. ಎಡಗಾಲಿನಡಿಯಿಂದ ಮಣ್ಣಿನ ಒಂದು ಹೆಂಟೆ ಸಡಿಲಿ ಹೋಯಿತು. ಅದು ಕೆಳಗೆ ಎಲ್ಲಿ ಬಿತ್ತೋ, ಸದ್ದು ಬರಲಿಲ್ಲ.

"ಏನಾಯ್ತೇ?" ಎಂದ. ದನಿಯಲ್ಲಿ ಬೇಸರವಿತ್ತು, ಅಷ್ಟೇ. "ಹೊರಡು ಅಂತೀಯ, ನಿಲ್ಲು ಅಂತೀಯ."

ಅವಳು ಒಂದು ಕಾಲಿನಲ್ಲಿ ಬೂಟು, ಒಂದು ಕಾಲು ಬರಿದು, ಹಾಗೇ ಓಡಿ ಹೋಗಿ ಅವನ ಅಂಗಿಯನ್ನು ಬೆನ್ನಿನ ಕಡೆಯಿಂದ ಎರಡೂ ಮುಷ್ಟಿಯಲ್ಲಿ ಹಿಡಿದಳು. ಹಿಡಿದು ಹಿಂದಕ್ಕೆ ಎಳೆದಳು. ಗುಂಡಿ ಕಿತ್ತು ಹಾರಿತು. ಬಂಡೆಯ ನಡುವಿಗೆ ಬರುವ ತನಕ ಬಿಡಲಿಲ್ಲ.

"ತಲೆ ಬಗ್ಗಿಸಿ ನೋಡ್ರೀ," ಎಂದಳು ಆಗ. "ನೀವು ನಿಂತಿದ್ದ ಜಾಗ."

ಅವನು ತಲೆ ಬಗ್ಗಿಸಿದ. ಮೊದಲು ತನ್ನ ಬೂಟನ್ನು ಹುಡುಕಿದ. ಅಲ್ಲಿಂದ ರಿಬ್ಬನ್ನು, ಅಲ್ಲಿಂದ ಹುಲ್ಲು, ಹುಲ್ಲಿನಲ್ಲಿ ಮಣ್ಣು ಹೋದ ಗಾಯ. ಕತ್ತು ಚೂರು ಚೂರೇ ಸರಿದು ಅಲ್ಲಿಗೆ ಬಂದು ನಿಂತಿತು. ಹಿಂದಕ್ಕೆ ಕೈಯಾಡಿಸಿ ಬೆಂಚನ್ನು ತಡಕಿದ. ಬೆಂಚು ಅವನ ಪಕ್ಕದಲ್ಲೇ ಇತ್ತು. ಅವಳೇ ಹಿಡಿದು ಕೂರಿಸಿದಳು.

ಕಣಿವೆಯಿಂದ ಗಾಳಿ ಬಂದು ರಿಬ್ಬನ್ನಿನ ತುದಿಯನ್ನು ಎತ್ತಿ ಎತ್ತಿ ಬಿಡುತ್ತಿತ್ತು.

"ಯಾವಾಗಿಂದ?" ಎಂದು ಕೇಳಿದಳು.

"ಗೊತ್ತಿಲ್ಲ. ಇಂಥ ದಿನ ಅಂತ ಇಲ್ಲ. ಕಿಟಕಿಗೆ ಎರಡೂ ಕಡೆಯಿಂದ ಪರದೆ ಎಳೆದ ಹಾಗೆ. ದಿನಾ ಒಂದು ಕೂದಲಷ್ಟು." ಎರಡು ಮುಷ್ಟಿಯನ್ನು ಕೊಳವೆಯ ಹಾಗೆ ಮಾಡಿ ಕಣ್ಣಿಗೆ ಹಿಡಿದು ತೋರಿಸಿದ. "ಈಗ ಇಷ್ಟು. ಇದರೊಳಗೆ ಎಲ್ಲ ಸ್ವಚ್ಛ. ನಿನಗಿಂತ ಸ್ವಚ್ಛ. ಹೊರಗೆ ಇಲ್ಲ. ಆ ಎರಡು ಕಂಬ ಕಂಡ್ವು, ಬಂದ ದಾರಿ ಅಂದ್ಕೊಂಡೆ."

"ಯಾರಿಗೂ ತೋರಿಸಲಿಲ್ವಾ?"

"ಕನ್ನಡಕದ ಅಂಗಡಿಗೆ ಹೋಗಿದ್ದೆ. ಗೋಡೆ ಮೇಲಿನ ಅಕ್ಷರ ಎಲ್ಲ ಓದಿದೆ, ಕೆಳಗಿನ ಸಾಲು ಕೂಡ. ಹದ್ದಿನ ಕಣ್ಣು ಅಂದ ಅವನು. ಖುಷಿಯಾಗಿ ಬಂದೆ."

"ಗೋಡೆ ನೇರ ಎದುರಿಗಿರತ್ತೆ. ಮಕ್ಕಳು ಗೋಡೆ ಥರ ನಿಲ್ತಾರಾ?"

ಅವನು ತಲೆ ತಗ್ಗಿಸಿದ.

"ದೂರದ್ದು ಕಾಣತ್ತೆ ಅಂತ ಗೊತ್ತಿದ್ದೇ ಇಲ್ಲಿಗೆ ಕರ್ಕೊಂಡು ಬಂದ್ರಿ."

"ಹೂಂ."

"ನನ್ನ ಕೈದೇ ತಪ್ಪು ಅಂತ ನನ್ನ ಬಾಯಲ್ಲೇ ಹೇಳಿಸಿದ್ರಿ. ಮೇಲಿಂದ ಆಗಲಿ ಬಿಡು ಅಂದ್ರಿ."

ಅವನು ಕಿತ್ತುಹೋದ ಗುಂಡಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ಬೊಕ್ಕಿ ಕಂಡಿದ್ಳಾ ಇಲ್ವಾ? ಅದೊಂದು ಹೇಳಿ."

"ಕನ್ನಡಿ ಎಲ್ಲಿದೆ ಅಂತ ಹುಡುಕಿ ಹಿಡಿಯೋ ಹೊತ್ತಿಗೆ ಆಗಲೇ ಹೊರಟಿರ್ತೀನಿ ಕಣೇ. ಎಷ್ಟೋ ದಿನದಿಂದ ಕನ್ನಡಿ ನೋಡೋದೇ ಬಿಟ್ಟಿದೀನಿ." ಅವಳ ಬಲಗೈಯನ್ನು ಕಣ್ಣಿಂದ ಹುಡುಕಿ ಹಿಡಿದು ಹೇಳಿದ, "ನಿನ್ನ ಕೈ ಇತ್ತಲ್ಲ."

ಅವಳು ಬೂಟು ಹಾಕಿಕೊಂಡು ದಾರವನ್ನು ಬಿಗಿಯಾಗಿ ಕಟ್ಟಿದಳು. ಬಿಚ್ಚಿ ಮತ್ತೆ ಕಟ್ಟಿದಳು. ಮಳೆಯಲ್ಲಿ, ಮಂಜಿನಲ್ಲಿ, ಸಂತೆಯ ನಡುವಿನ ಇಕ್ಕಟ್ಟಿನಲ್ಲಿ, ಹಿಂದೆ ಹಾಡು ಹೇಳುತ್ತಿದ್ದ ಅಷ್ಟೂ ಮಕ್ಕಳನ್ನು ಕೂರಿಸಿಕೊಂಡು, ಈ ಕೈ ಹೊಡೆದದ್ದನ್ನು ನಂಬಿ ವ್ಯಾನು ಓಡಿದೆ. ಕೈಗೆ ಅದು ಗೊತ್ತಿರಲಿಲ್ಲ. ಎಷ್ಟೋ ಸಲ ಅವಳು ನೋಡದೆ ಹೊಡೆದಿದ್ದಳು, ಅವನು ನೋಡುತ್ತಾನೆಂದು. ಅವನು ನೋಡದೆ ಹೊರಟಿದ್ದ, ಅವಳು ನೋಡಿದ್ದಾಳೆಂದು.

ಇಳಿಯುವಾಗ ಅವಳೇ ಮುಂದೆ ನಡೆದಳು. ಹಿಂದೆ ನಿಂತೇ ಅಭ್ಯಾಸವಿದ್ದವಳಿಗೆ ಅದು ಹೊಸದು, ಬೆನ್ನು ತಣ್ಣಗಾದಂತಿತ್ತು. ಅವನು ಅವಳ ಭುಜದ ಮೇಲೆ ಕೈಯಿಟ್ಟಿದ್ದ. ಬಾಯಿ ಈಗ ತಾನಾಗೇ ಬಿಚ್ಚಿತು. "ಬೇರು. ಬಲಕ್ಕೆ ಕಲ್ಲು, ಅಲುಗಾಡತ್ತೆ. ಇಲ್ಲಿ ಆಳ ಇದೆ, ಕೂತು ಇಳೀರಿ. ಕೊಂಬೆ, ತಲೆ ಬಗ್ಗಿಸಿ." ಅವಳು ಹೇಳಿದ ಹಾಗೆಲ್ಲ ಅವನು ಮಾಡಿದ. ಅಷ್ಟು ವಿಧೇಯನಾಗಿ ಅವಳು ಅವನನ್ನು ಎಂದೂ ಕಂಡಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಗಟ್ಟಿ ಮರದ ಹತ್ತಿರ ಬಂದಾಗ ಅವನು ಕೈಯನ್ನು ಸ್ವಲ್ಪ ಒತ್ತಿದ.

"ಒಂದು ಮಾತು. ಈ ವರ್ಷದ ಶಾಲೆ ಮುಗಿಯೋ ತನಕ. ಪರೀಕ್ಷೆ ಮುಗಿದ ಮೇಲೆ ನಾನೇ ಬಿಡ್ತೀನಿ. ಅಲ್ಲೀ ತನಕ ನೀನು ಬಾಗಿಲು ಬಿಟ್ಟು ಮುಂದೆ ನನ್ನ ಪಕ್ಕ ಕೂತ್ಕೋ. ಈಗ ಹೇಳ್ತಿದೀಯಲ್ಲ, ಹೀಗೇ ಹೇಳು. ಎಡಕ್ಕೆ ಸೈಕಲ್ಲು, ಬಲಕ್ಕೆ ದನ. ಯಾರಿಗೆ ಗೊತ್ತಾಗತ್ತೆ?"

ಅವಳು ಇಳಿಯುತ್ತಲೇ ಇದ್ದಳು.

"ಇಷ್ಟು ದಿನ ಹೋಯ್ತಲ್ಲೇ. ಏನಾದ್ರೂ ಆಯ್ತಾ?"

"ಕಲ್ಲು," ಎಂದಳು. "ಎಡಕ್ಕೆ."

"ನಾನು ಬೇರೆ ಏನು ಮಾಡಲಿ ಹೇಳು. ಬೇರೆ ಏನು ಬರತ್ತೆ ನಂಗೆ?"

ಆ ದನಿಯನ್ನು ಅವಳು ಒಮ್ಮೆ ಕೇಳಿದ್ದಳು, ಅವನ ತಾಯಿ ತೀರಿಕೊಂಡ ದಿನ. ತಿರುಗಿ ನೋಡಿದರೆ ಹೂಂ ಎಂದುಬಿಡುತ್ತೇನೆಂದು ಹೆದರಿ ತಿರುಗದೆ ನಡೆದಳು. ಹೂಂ ಎನ್ನುವುದು ಕಷ್ಟವೇನೂ ಆಗಿರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಪಕ್ಕದಲ್ಲಿ ಕೂತು ಹೇಳಬಹುದು. ಆದರೆ ಕೈ ಹೊಡೆದ ಮೇಲೆ ಬಾಟಲಿ ನೆನಪಾಗಿ ಓಡಿ ಬರುವವಳನ್ನು ಯಾವ ಬಾಯಿಂದ ಹೇಳುವುದು?

ಕೆಳಗೆ ಚಹಾದವನು ಒಲೆ ಮುಂದೆ ತೂಕಡಿಸುತ್ತಿದ್ದ. ಇವರನ್ನು ಕಂಡು ಎದ್ದು, "ಏನಂತಾವೆ ಮಂಡಿಗಳು?" ಎಂದ.

"ಬಸ್ಸು ಉಂಟಾ ಈ ಕಡೆಗೆ?" ಎಂದು ಕೇಳಿದಳು ಬಾಗಿಲಕ್ಕ.

"ಸಂಜೆಗೊಂದಿದೆ. ಆದ್ರೆ ಬಸ್ಸು ಯಾಕಮ್ಮಾ ನಿಮಗೆ? ಅರಮನೆ ಹಂಗೆ ವ್ಯಾನು ನಿಲ್ಸಿದೀರಿ."

ಗಂಡ ಆ ಮಾತು ಕೇಳಿಸಿಕೊಂಡ. ಕೇಳದವನಂತೆ ವ್ಯಾನಿನ ಕಡೆ ನಡೆದ. ಸಮನಾದ ನೆಲ, ಗುರುತಿನ ಗಾಡಿ. ಕೈ ತಾನಾಗೇ ಬಾಗಿಲ ಹಿಡಿಯನ್ನು ಕಂಡುಕೊಂಡಿತು. ಹತ್ತಿ ಕೂತ. ಕೂತ ಕೂಡಲೇ ಅವನ ಬೆನ್ನು ನೆಟ್ಟಗಾಯಿತು, ಭುಜ ಅಗಲವಾಯಿತು. ಬೆಟ್ಟ ಇಳಿದು ಬಂದ ಮುದುಕ ಹೋಗಿ ಡ್ರೈವರ್ ಮಾಮ ಬಂದು ಕೂತಿದ್ದ. ಕೀಲಿ ತಿರುಗಿಸಿದ. ಇಂಜಿನ್ನು ಕೆಮ್ಮಿ ಹೊತ್ತಿಕೊಂಡಿತು.

"ಮನೆ ತನಕ ಮಾತ್ರ," ಎಂದ, ಕಿಟಕಿಯಿಂದ ತಲೆ ಹಾಕಿ, ಅವಳಿರುವ ಕಡೆಯನ್ನು ಅಂದಾಜು ಮಾಡಿ. "ಭಾನುವಾರ, ರಸ್ತೆ ಖಾಲಿ ಇರತ್ತೆ. ಹತ್ತು."

ಅವಳು ಎಡಗಡೆಗೆ ಸುತ್ತಿ ಬಂದಳು. ಬಾಗಿಲ ಹತ್ತಿರ ಬಣ್ಣ ಸವೆದು ತಗಡು ಬೆಳ್ಳಗೆ ಹೊಳೆಯುವ ಒಂದು ಜಾಗವಿತ್ತು, ಸರಿಯಾಗಿ ಒಂದು ಅಂಗೈಯಷ್ಟು. ಒಳಗೆ ಸೀಟಿನ ಕೆಳಗೆ ಯಾರದೋ ಒಂದು ಪುಟ್ಟ ಕಾಲುಚೀಲ ಬಿದ್ದಿತ್ತು. ಅವಳು ಫುಟ್‌ಬೋರ್ಡಿಗೆ ಕಾಲಿಡಲಿಲ್ಲ. ಹೊರಗೇ ನಿಂತು ಬಾಗಿಲನ್ನು ಎಳೆದು ಮುಚ್ಚಿದಳು. ಬಾಗಿಲು ಮುಚ್ಚಿದ ಸದ್ದಿಗೆ ಒಳಗೆ ಅವನು ಕ್ಲಚ್ಚು ತುಳಿದು ಗೇರು ಹಾಕಿದ್ದು ಕೇಳಿಸಿತು.

ಅವಳು ಕೈಯೆತ್ತಿ ಹೊಡೆದಳು.

ಒಂದು.

ವ್ಯಾನು ಅಲುಗಲಿಲ್ಲ. ಅವನು ಕಾಯುತ್ತಿದ್ದ. ಚಹಾದವನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಇತ್ತ ನೋಡಿದ. ಹಿಂದಿನ ಕೊಳವೆಯಿಂದ ಹೊಗೆ ಎದ್ದು ಕಾಡಿನ ಕಡೆಗೆ ಹೋಗುತ್ತಿತ್ತು. ಬಾಗಿಲಕ್ಕ ಕೈಯನ್ನು ತಗಡಿನಿಂದ ತೆಗೆದಿರಲಿಲ್ಲ, ಇಂಜಿನ್ನಿನ ನಡುಕ ಅಂಗೈಯಿಂದ ಮೊಣಕೈ ತನಕ ಬರುತ್ತಿತ್ತು.

ಹೊತ್ತು ಹೋಯಿತು. ಆಮೇಲೆ ಒಳಗೆ ಕೀಲಿ ಹಿಂದಕ್ಕೆ ತಿರುಗಿದ ಸದ್ದಾಯಿತು, ಅವಳ ಅಂಗೈಯ ಕೆಳಗೆ ತಗಡಿನ ನಡುಕ ನಿಂತಿತು.